ಕ್ಯಾಂಡಿಯಿಂದ ನುವಾರ ಎಲಿಯ: ಗೈಡ್ ಜೊತೆ ಒಂದು ದಿನ

ಶ್ರೀಲಂಕಾದ ಕ್ಯಾಂಡಿಯಿಂದ ನುವಾರ ಎಲಿಯ ಅನ್ನುವ ಬೆಟ್ಟದ ಊರಿಗೆ ಸುಮಾರು 75 ಕಿಲೋಮೀಟರ್. ಕೇಳೋದಕ್ಕೆ ಹತ್ತಿರ. ಆದರೆ ಘಾಟಿ ಹತ್ತಿ ಮುಟ್ಟೋದಕ್ಕೆ ಎರಡೂವರೆಯಿಂದ ಮೂರು ಗಂಟೆ ಬೇಕು, ಅದೂ ಎಲ್ಲೂ ನಿಲ್ಲದಿದ್ದರೆ. ಕ್ಯಾಂಡಿ ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ, ನುವಾರ ಎಲಿಯ 1,868 ಮೀಟರ್‌ನಲ್ಲಿ. ಹೋಗಿ ಬರುವುದಕ್ಕೇ ಆರು ಗಂಟೆ ತೆಗೆದರೆ ಉಳಿಯುವ ಹೊತ್ತು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಆ ಉಳಿದ ಹೊತ್ತನ್ನು ಹೇಗೆ ಕಳೆಯಬೇಕು ಅನ್ನುವುದು ಗೊತ್ತಿರುವವರು ಜೊತೆಗಿದ್ದರೆ ಇಡೀ ದಿನದ ರೂಪವೇ ಬೇರೆ ಆಗುತ್ತದೆ. ನಮಗೆ ಆಗಿದ್ದೂ ಅದೇ.

ನಾವು ಹೋಗಿದ್ದು ಅಪ್ಪ, ಅಮ್ಮ, ನನ್ನ ಹೆಂಡತಿ, ನಾನು. ಅಪ್ಪ ಮೂಡಿಗೆರೆ ಕಡೆ ಕಾಫಿ ಬೆಳೆದವರು. ಅಮ್ಮನಿಗೆ ಮಂಡಿ ನೋವು. ಕ್ಯಾಂಡಿಯಿಂದ ‘ನಾನುಓಯ’ ಅನ್ನುವ ಸ್ಟೇಷನ್‌ವರೆಗೆ ರೈಲು ಇದೆ, ದಾರಿಯೂ ಬಹಳ ಚೆಂದ. ಆದರೆ ಅದು ಒಂದು ಕಡೆಗೇ ಮೂರೂವರೆ, ನಾಲ್ಕು ಗಂಟೆ ತಿನ್ನುತ್ತದೆ. ಅಲ್ಲಿಂದ ಪೇಟೆಗೆ ಮತ್ತೆ ಬೇರೆ ವಾಹನ ಹಿಡಿಯಬೇಕು. ಒಂದೇ ದಿನದಲ್ಲಿ ವಾಪಸ್ ಬರುವವರಿಗೆ ಅದು ಆಗದ ಮಾತು. ಹೋಟೆಲಿನವರು ಬರೀ ಡ್ರೈವರ್ ಸಮೇತ ಕಾರು ಕೊಡುತ್ತೇವೆ ಅಂದರು. ನಮಗೆ ದಾರಿ ತೋರಿಸುವವರಿಗಿಂತ ಊರಿನ ಬಗ್ಗೆ ಮಾತಾಡುವವರು ಬೇಕಿತ್ತು.

ಶ್ರೀಲಂಕಾದಲ್ಲಿ ಗೈಡ್‌ಗಳಿಗೆ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರ ಲೈಸೆನ್ಸ್ ಕೊಡುತ್ತದೆ. ಅದರಲ್ಲಿ ‘ಶೋಫರ್ ಗೈಡ್’ ಅಂತ ಒಂದು ವರ್ಗ ಇದೆ. ಗಾಡಿ ಓಡಿಸುವವರೂ ಅವರೇ, ವಿವರಿಸುವವರೂ ಅವರೇ. ನಾಲ್ಕು ಜನಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ನಾನು ಫೋನಿನಲ್ಲೇ ಲೈಸೆನ್ಸ್ ಕಾರ್ಡಿನ ಫೋಟೋ ಕೇಳಿದೆ. ಒಬ್ಬರು ತಕ್ಷಣ ಕಳಿಸಿದರು. ಬೆಟ್ಟಸೀಮೆಯ ಟೀ ಎಸ್ಟೇಟಿನಲ್ಲೇ ಹುಟ್ಟಿ ಬೆಳೆದ ತಮಿಳರು ಅಂತ ಗೊತ್ತಾಯಿತು. ನಮ್ಮ ಕಡೆ ತೋಟದ ಆಳುಗಳ ಜೊತೆ ಮಾತಾಡಿ ಅಪ್ಪ, ಅಮ್ಮ ಇಬ್ಬರಿಗೂ ತಮಿಳು ಚೆನ್ನಾಗಿಯೇ ಬರುತ್ತದೆ. ಅಲ್ಲಿಗೆ ಗೈಡ್ ಗೊತ್ತಾದಂತೆಯೇ ಆಯಿತು.

ಹಣದ ಮಾತನ್ನು ಹಿಂದಿನ ದಿನವೇ ಮುಗಿಸಿಬಿಟ್ಟೆವು. ಪೆಟ್ರೋಲ್, ಪಾರ್ಕಿಂಗ್, ಅವರ ಫೀಸು ಎಲ್ಲ ಸೇರಿ ಒಂದು ರೇಟ್, ಶ್ರೀಲಂಕಾ ರೂಪಾಯಿಯಲ್ಲಿ. ಟಿಕೆಟ್ ನಮ್ಮದು. ಊಟ ಎಲ್ಲರದೂ ಒಟ್ಟಿಗೆ. ಆಮೇಲೆ ಅಂಗಡಿಗಳ ವಿಷಯ. ಅಲ್ಲಿ ಮಸಾಲೆ ತೋಟ, ರತ್ನದ ಅಂಗಡಿಗೆ ಕರೆದುಕೊಂಡು ಹೋದ ಗೈಡ್‌ಗೆ ಕಮಿಷನ್ ಸಿಗುವುದು ಎಲ್ಲರಿಗೂ ಗೊತ್ತಿರುವ ವ್ಯವಹಾರ. ನಾನು ನೇರವಾಗಿಯೇ ಹೇಳಿದೆ: “ನಾವು ಅಂಗಡಿಗೆ ಹೋಗಲ್ಲ. ಅದರಿಂದ ನಿಮಗೆ ನಷ್ಟ ಆಗಬಾರದು. ಅದನ್ನೂ ಸೇರಿಸಿಯೇ ರೇಟ್ ಹೇಳಿ.” ಅವರು ಸ್ವಲ್ಪ ಜಾಸ್ತಿ ಹೇಳಿದರು. ನಾನು ಒಪ್ಪಿಕೊಂಡೆ. ಆ ಜಾಸ್ತಿ ದುಡ್ಡಿಗೆ ನಮಗೆ ಸಿಕ್ಕಿದ್ದು ಎರಡು ಗಂಟೆ ಹೊತ್ತು. ಗೈಡ್‌ನ ದೂರುವ ಬದಲು ಹೀಗೆ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಇಬ್ಬರಿಗೂ ಮರ್ಯಾದೆ.

ನಾನು ನೋಡಬೇಕಾದ ಜಾಗಗಳ ಪಟ್ಟಿ ಮಾಡಿಟ್ಟಿದ್ದೆ. ಅವರು ಅದನ್ನು ನೋಡಿ ಅರ್ಧ ತೆಗೆದರು, ಉಳಿದದ್ದನ್ನು ತಲೆಕೆಳಗು ಮಾಡಿದರು. “ಮೊದಲು ಪೇಟೆ ದಾಟಿ ದೂರದ ಜಾಗಕ್ಕೆ ಹೋಗೋಣ. ಆಮೇಲೆ ಹಿಂದೆ ಹಿಂದೆ ಬರೋಣ. ಟೀ ಫ್ಯಾಕ್ಟರಿ ಕೊನೆಗೆ” ಅಂದರು. ಕಾರಣ ಮಂಜು. ಬೆಳಿಗ್ಗೆ ಬೆಟ್ಟ ತಿಳಿಯಾಗಿರುತ್ತದೆ. ಬಿಸಿಲೇರಿದ ಹಾಗೆ ಕಣಿವೆಯ ತೇವದ ಗಾಳಿ ಬಿಸಿಯಾಗಿ ಇಳಿಜಾರಿನ ಮೇಲೆ ಹತ್ತುತ್ತದೆ, ಮೇಲೆ ಹೋಗಿ ತಣ್ಣಗಾಗಿ ಮಂಜಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಎದುರಿಗಿರುವ ಗುಡ್ಡವೂ ಕಾಣದೇ ಇರಬಹುದು. ಹಾಗಾಗಿ ಕಣ್ಣಿಗೆ ಬೇಕಾದದ್ದು ಬೆಳಿಗ್ಗೆ, ಸೂರಿನ ಕೆಳಗೆ ನೋಡುವಂಥದ್ದು ಮಧ್ಯಾಹ್ನ. ಬೆಟ್ಟದ ಊರಿಗೆ ಒಂದು ದಿನದ ಮಟ್ಟಿಗೆ ಹೋಗುವವರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಬೆಳಿಗ್ಗೆ ಆರಕ್ಕೆ ಹೊರಟೆವು. ಪೇರಾದೆಣಿಯ, ಗಂಪೊಲ ದಾಟಿ ಪುಸ್ಸೆಲ್ಲಾವ ಹತ್ತಿರ ಬರುವ ಹೊತ್ತಿಗೆ ತೆಂಗು, ಬಾಳೆ ಹಿಂದೆ ಬಿದ್ದು ಟೀ ಶುರುವಾಯಿತು. ನಡುನಡುವೆ ನೆರಳಿಗೆ ನೆಟ್ಟ ಸಿಲ್ವರ್ ಓಕ್. ಕೆಳಗೆ ಕೊತ್ಮಲೆ ಜಲಾಶಯ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಕಿವಿ ಒಮ್ಮೆ ಗಪ್ ಅಂತ ಕಟ್ಟಿಕೊಂಡಿತು. ರಂಬೋಡದಲ್ಲಿ 109 ಮೀಟರ್ ಎತ್ತರದ ಜಲಪಾತ ರಸ್ತೆಯಿಂದಲೇ ಕಾಣುತ್ತದೆ. ಅಲ್ಲಿ ಹತ್ತು ನಿಮಿಷ ಸಾಕು. ಹತ್ತಿರದಲ್ಲೇ ಚಿನ್ಮಯ ಮಿಷನ್‌ನವರ ಹನುಮಂತನ ಗುಡಿ ಇದೆ. ಅಮ್ಮ ಒಳಗೆ ಹೋಗಿ ಕೈಮುಗಿದು ಬಂದರು.

ರಂಬೋಡದ ಮೇಲಿನ ತಿರುವುಗಳಲ್ಲಿ ನೋಡಿದ ಒಂದು ದೃಶ್ಯ ಹೇಳಲೇಬೇಕು. ಹೇರ್‌ಪಿನ್ ತಿರುವಿನಲ್ಲಿ ಒಬ್ಬ ಹುಡುಗ ಹೂವಿನ ಗೊಂಚಲು ಹಿಡಿದು ನಿಂತಿದ್ದ. ನಾವು ನಿಲ್ಲಿಸಲಿಲ್ಲ. ಗಾಡಿ ಸುತ್ತಿಕೊಂಡು ಮೇಲಿನ ತಿರುವಿಗೆ ಬಂದರೆ ಅದೇ ಹುಡುಗ, ಅದೇ ಹೂವು! ಟೀ ಗಿಡಗಳ ನಡುವಿನ ಕಾಲುಹಾದಿಯಲ್ಲಿ ನೆಟ್ಟಗೆ ಓಡಿ ಹತ್ತಿಬಿಟ್ಟಿದ್ದ. ಅದರ ಮೇಲಿನ ತಿರುವಿನಲ್ಲೂ ನಮಗಿಂತ ಮೊದಲೇ ಅವನು. ಹೆಂಡತಿ ಗಾಡಿ ನಿಲ್ಲಿಸಲು ಹೇಳಿ ಹೂವು ಕೊಂಡಳು. ಅವನಿಗೆ ಏದುಸಿರು, ಹಣೆಯಲ್ಲಿ ಬೆವರು, ಆದರೂ ಮುಖದ ತುಂಬ ನಗು. ಗೈಡ್ ಗಾಡಿ ಮುಂದೆ ತೆಗೆಯುತ್ತಾ, ಈ ಆಟ ತಮ್ಮ ಚಿಕ್ಕಂದಿನಿಂದಲೂ ಇದೆ, ಆದರೆ ಸ್ಕೂಲಿನ ಹೊತ್ತಿನಲ್ಲಿ ಮಕ್ಕಳ ಕೈಯಿಂದ ಕೊಳ್ಳಬೇಡಿ ಅಂದರು. ಅವತ್ತು ಶನಿವಾರ.

ನುವಾರ ಎಲಿಯದ ಪೇಟೆಯನ್ನು ನಿಲ್ಲದೆ ದಾಟಿ ಸೀತಾ ಎಲಿಯಕ್ಕೆ ಹೋದೆವು. ಪೇಟೆಯಿಂದ ಐದು ಕಿಲೋಮೀಟರ್ ಅಷ್ಟೇ. ಸೀತಮ್ಮನ ಗುಡಿ, ಪಕ್ಕದಲ್ಲಿ ಹಳ್ಳ, ಹಳ್ಳದ ಬಂಡೆಯ ಮೇಲೆ ಗುಳಿಗಳು. ಹನುಮಂತನ ಹೆಜ್ಜೆ ಅಂತ ಭಕ್ತರು ನಂಬುತ್ತಾರೆ. ರಾವಣ ಸೀತೆಯನ್ನು ಇಟ್ಟಿದ್ದ ಅಶೋಕವನ ಇದೇ ಸೀಮೆ ಅನ್ನುವುದು ಅಲ್ಲಿನ ನಂಬಿಕೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ನೋಡಲೇಬೇಕು ಅಂತ ಇದ್ದದ್ದು ಇದೊಂದೇ ಜಾಗ. ಗೈಡ್‌ಗೆ ಅದು ಗೊತ್ತಿತ್ತು. “ಅಮ್ಮಾ, ಅವಸರ ಬೇಡ, ಬಸ್ಸುಗಳು ಬರೋಕೆ ಇನ್ನೂ ಹೊತ್ತಿದೆ” ಅಂತ ಹೇಳಿ ಮೆಟ್ಟಿಲ ಹತ್ತಿರ ಕೈ ಕೊಟ್ಟು ಇಳಿಸಿದರು. ಅಮ್ಮ ಹಳ್ಳದ ನೀರನ್ನು ತಲೆಗೆ ಚಿಮುಕಿಸಿಕೊಂಡು ಎಷ್ಟೋ ಹೊತ್ತು ಅಲ್ಲೇ ಕೂತಿದ್ದರು. ನಾವು ಹೊರಡುವಾಗ ಮೂರು ಟೂರಿಸ್ಟ್ ಬಸ್ಸು ಬಂದು ನಿಂತವು.

ಅಲ್ಲಿಂದ ಮುಂದೆ ಹಕ್ಗಲ ಸಸ್ಯೋದ್ಯಾನ. 1861ರಲ್ಲಿ ಇದನ್ನು ಶುರುಮಾಡಿದ್ದು ಹೂವಿಗಾಗಿ ಅಲ್ಲ, ಸಿಂಕೋನಾ ಗಿಡಕ್ಕಾಗಿ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಆ ಗಿಡದ ತೊಗಟೆಯಿಂದ ಬರುತ್ತದೆ. ಅಪ್ಪನಿಗೆ ಇಲ್ಲಿಂದ ಉತ್ಸಾಹ ಬಂತು. “ಇಲ್ಲಿ ಮೊದಲು ಕಾಫಿ ಇತ್ತಂತಲ್ಲ, ಎಲ್ಲಿ ಹೋಯ್ತು?” ಅಂತ ಕೇಳಿದರು.

ನಮ್ಮ ಗೈಡ್‌ಗೆ ಆ ಪ್ರಶ್ನೆಯೇ ಬೇಕಾಗಿತ್ತು ಅನಿಸುತ್ತದೆ. ಬೆಂಚಿನ ಮೇಲೆ ಕೂತು ಇಡೀ ಕಥೆ ಹೇಳಿದರು. ಸಿಲೋನ್ ಒಂದು ಕಾಲಕ್ಕೆ ಕಾಫಿ ದೇಶ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ವರ್ಷದೊಳಗೆ ಬೆಟ್ಟಕ್ಕೆ ಬೆಟ್ಟವೇ ಬೋಳಾಯಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವರು ಕ್ಯಾಂಡಿ ಹತ್ತಿರದ ಲೂಲ್‌ಕಂದುರದಲ್ಲಿ 19 ಎಕರೆ ಟೀ ಹಾಕಿದ್ದರು. ಕಾಫಿ ಸತ್ತ ನೆಲದಲ್ಲಿ ಎದ್ದು ನಿಂತದ್ದು ಆ ಟೀ. ಅಪ್ಪ ಎಲೆತುಕ್ಕಿನ ಹೆಸರು ಕೇಳಿದ್ದೇ ಶುರುಮಾಡಿದರು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಮಳೆಗೆ ಮೊದಲು ಹೊಡೆಯುವ ಬೋರ್ಡೋ ದ್ರಾವಣ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಎಸ್.795 ಅನ್ನುವ ಕಾಫಿ ತಳಿ. ಗೈಡ್ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು! ಗೈಡ್ ಅಂದರೆ ಅವರು ಹೇಳೋದು, ನಾವು ಕೇಳೋದು ಅಂತ ಅಲ್ವಾ ಅಂದುಕೊಂಡಿರುತ್ತೇವೆ? ನಮ್ಮ ಕಸುಬು ಏನು, ನಮಗೆ ಏನು ಗೊತ್ತು ಅಂತ ಬೆಳಿಗ್ಗೆಯೇ ಹೇಳಿಬಿಟ್ಟರೆ ಮಾತು ಎರಡೂ ಕಡೆಯಿಂದ ಹರಿಯುತ್ತದೆ. ಗುಂಪಿನ ಬಸ್ಸಿನಲ್ಲಿ ಇದು ಯಾವತ್ತೂ ಸಿಗುವುದಿಲ್ಲ.

ಪೇಟೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1894ರ ಕೆಂಪು ಇಟ್ಟಿಗೆಯ ಪೋಸ್ಟ್ ಆಫೀಸ್ ಚೆಂದ ಇದೆ. ಅಲ್ಲಿಂದ ಊರಿಗೆ ಒಂದು ಕಾರ್ಡ್ ಹಾಕಿದೆವು. ಗ್ರೆಗರಿ ಕೆರೆಯನ್ನು 1873ರಲ್ಲಿ ಗವರ್ನರ್ ವಿಲಿಯಂ ಗ್ರೆಗರಿ ಮಾಡಿಸಿದ್ದು. ದೋಣಿ, ಕುದುರೆ ಸವಾರಿ ಎಲ್ಲ ಇವೆ, ಗದ್ದಲವೂ ಇದೆ. ಈ ಊರಿಗೆ ‘ಪುಟ್ಟ ಇಂಗ್ಲೆಂಡ್’ ಅನ್ನುತ್ತಾರೆ. ಬ್ರಿಟಿಷರು ಬಿಟ್ಟುಹೋದ ಕಟ್ಟಡಗಳಿಗಿಂತ ನನಗೆ ರಸ್ತೆ ಬದಿಯ ತರಕಾರಿ ಅಂಗಡಿಗಳೇ ಹಿಡಿಸಿದವು. ಮಣ್ಣು ತೊಳೆದು ಕಟ್ಟಿಟ್ಟ ಕ್ಯಾರೆಟ್, ಈರುಳ್ಳಿ ಜಾತಿಯ ಮೊಳದುದ್ದದ ಲೀಕ್ಸ್, ಎಲೆಕೋಸು.

ಊಟದಲ್ಲಿ ಒಂದು ಎಚ್ಚರಿಕೆ, ಶುದ್ಧ ಸಸ್ಯಾಹಾರಿಗಳಿಗೆ. ಶ್ರೀಲಂಕಾದಲ್ಲಿ ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲಕ್ಕೆ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ ಒಣಮೀನಿನ ಪುಡಿ ಹಾಕುತ್ತಾರೆ. ‘ಉಂಬಲಕಡ’ ಅಂತ ಹೆಸರು. ಕಣ್ಣಿಗೆ ಕಾಣುವುದಿಲ್ಲ. “ವೆಜಿಟೇರಿಯನ್” ಅಂದರೆ ಮಾಂಸ ಇಲ್ಲ ಅಂತಷ್ಟೇ ತಿಳಿಯುವವರೂ ಇದ್ದಾರೆ. ನಮ್ಮ ಗೈಡ್ ಹಿಂದಿನ ದಿನವೇ ಫೋನ್ ಮಾಡಿ ಅದಿಲ್ಲದೆ ಮಾಡಿಸಿದ್ದರು. ಅನ್ನ, ಬೇಳೆಯ ಪರಿಪ್ಪು, ಬೀಟ್‌ರೂಟ್, ಲೀಕ್ಸ್ ಪಲ್ಯ, ಹಪ್ಪಳ. ಸಾಮಾನ್ಯವಾಗಿ ಡ್ರೈವರ್, ಗೈಡ್‌ಗಳು ಹಿಂದಿನ ಕೋಣೆಯಲ್ಲಿ ಬೇರೆ ಕೂತು ಉಣ್ಣುತ್ತಾರೆ. ಅಪ್ಪ ಬಿಡಲಿಲ್ಲ. “ಬಾರಪ್ಪ, ಇಲ್ಲೇ ಕೂತ್ಕೋ” ಅಂತ ಪಕ್ಕದಲ್ಲೇ ಕೂರಿಸಿಕೊಂಡರು.

ಊಟ ಮುಗಿಯುವಷ್ಟರಲ್ಲಿ ಅವರು ಹೇಳಿದ ಹಾಗೇ ಮಂಜು ಇಳಿಯಿತು. ನಾವು ವಾಪಸ್ ದಾರಿಯಲ್ಲಿ, ಲಬುಕೆಲ್ಲಿ ಹತ್ತಿರದ ಫ್ಯಾಕ್ಟರಿಗೆ ಬಂದೆವು. ದಾರಿಯಲ್ಲಿ ಎಲೆ ಕೊಯ್ಯುತ್ತಿದ್ದ ಹೆಂಗಸರನ್ನು ಕಂಡು ಹೆಂಡತಿ ಫೋಟೋ ತೆಗೆಯಬಹುದಾ ಅಂತ ಕೇಳಿದಳು. ಗೈಡ್ ಬೇಡ ಅಂದರು. ದಿನಕ್ಕೆ ಇಷ್ಟು ಕೆ.ಜಿ. ಎಲೆ ಅಂತ ಇರುತ್ತದೆ, ನಿಲ್ಲಿಸಿದರೆ ಅವರ ಕೂಲಿಗೆ ಕುತ್ತು. ತೂಕದ ಶೆಡ್ಡಿನ ಹತ್ತಿರ ಮಾತಾಡಿಸೋಣ ಅಂದರು. ಅಲ್ಲಿ ಅಮ್ಮ ಒಬ್ಬ ಹಿರಿಯ ಹೆಂಗಸಿನ ಜೊತೆ ಮೊಮ್ಮಕ್ಕಳ ಬಗ್ಗೆ, ಮಂಡಿ ನೋವಿನ ಬಗ್ಗೆ ಮಾತಾಡಿದರು. ಆಮೇಲೆ ಗೈಡ್ ತಮ್ಮ ಮನೆಯ ಕಥೆ ಹೇಳಿದರು. ಅವರ ಮುತ್ತಜ್ಜ ತಮಿಳುನಾಡಿನಿಂದ ಬಂದವರು. 1948ರ ಪೌರತ್ವ ಕಾಯ್ದೆ ಇಂಥ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದ ಹಾಗೆ ಮಾಡಿತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಬಹಳ ಜನರನ್ನು ಭಾರತಕ್ಕೆ ಕಳಿಸಿದರು. ಉಳಿದವರಿಗೆ ಪೌರತ್ವ ಪೂರ್ತಿ ಇತ್ಯರ್ಥವಾಗಿದ್ದು 2003ರ ಕಾಯ್ದೆಯಿಂದ. ತಾವು ಹುಟ್ಟಿದ ಲೈನ್ ಮನೆಗಳ ಸಾಲನ್ನು ಗುಡ್ಡದ ಆಚೆ ಕೈತೋರಿಸಿ ಹೇಳಿದರು, ಮಂಜಿನಲ್ಲಿ ಅದು ಕಾಣಲಿಲ್ಲ. ಹಸಿರು ನೋಡಿ ವಾಹ್ ಅನ್ನುವವರು ಇದನ್ನೂ ಕೇಳಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಎಲೆ ಬಂದು ಬೀಳುತ್ತಿತ್ತು. ಮೇಲಿನ ಮಹಡಿಯ ಉದ್ದನೆಯ ತೊಟ್ಟಿಗಳಲ್ಲಿ ಹರಡಿ, ಕೆಳಗಿನಿಂದ ಗಾಳಿ ಬಿಟ್ಟು ಬಾಡಿಸುತ್ತಾರೆ. ಬಾಡಿದ ಎಲೆಯನ್ನು ಕೈಗೆ ಕೊಟ್ಟರು. ಮೆತ್ತನೆ ಬಟ್ಟೆಯ ಹಾಗೆ ಮುದುಡಿತು, ಮುರಿಯಲಿಲ್ಲ. ಆಮೇಲೆ ರೋಲರ್‌ನಲ್ಲಿ ಅರೆದು ಬಿಟ್ಟರೆ ಗಾಳಿ ತಾಗಿ ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ. ಒಣಗಿಸುವ ಯಂತ್ರದ ಬಿಸಿ ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ. ನಾಲ್ಕೂವರೆ, ಐದು ಕೆ.ಜಿ. ಹಸಿ ಎಲೆಗೆ ಒಂದು ಕೆ.ಜಿ. ಟೀ ಪುಡಿ. ಕಾಫಿ ಬಿಟ್ಟು ಬೇರೇನೂ ಕುಡಿಯದ ಅಪ್ಪ ಅಲ್ಲಿ ಹಾಲಿಲ್ಲದ ಟೀ ಎರಡು ಕಪ್ ಕುಡಿದರು.

ನಾಲ್ಕು ಗಂಟೆಗೆ ಇಳಿಯಲು ಶುರುಮಾಡಿದೆವು. ಆ ಅಕ್ಷಾಂಶದಲ್ಲಿ ವರ್ಷವಿಡೀ ಆರು, ಆರೂವರೆಗೆ ಕತ್ತಲು. ರಂಬೋಡದ ತಿರುವುಗಳನ್ನು ಬೆಳಕಿನಲ್ಲೇ ದಾಟಬೇಕು ಅನ್ನುವುದು ಅವರ ನಿಯಮ. ಬ್ರೇಕ್ ಕಾಯದ ಹಾಗೆ ಸೆಕೆಂಡ್ ಗೇರಿನಲ್ಲೇ ಇಳಿಸಿದರು. ಘಾಟಿಯಲ್ಲಿ ತಲೆಸುತ್ತು ಬರುವವರು ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡಿ, ಮಾತ್ರೆ ಇಟ್ಟುಕೊಳ್ಳಿ. ಸ್ವೆಟರ್ ಬೇಕೇ ಬೇಕು. ಕ್ಯಾಂಡಿಗಿಂತ ಎಂಟೊಂಬತ್ತು ಡಿಗ್ರಿ ಕಡಿಮೆ.

ದಿನ ಆರಿಸುವಾಗ ಕ್ಯಾಲೆಂಡರ್ ನೋಡಿ. ಹುಣ್ಣಿಮೆಯ ಪೋಯ ದಿನ ಅಲ್ಲಿ ಸರ್ಕಾರಿ ರಜೆ. ಆವತ್ತು ಮತ್ತು ಭಾನುವಾರ ತೋಟದ ಕೆಲಸ, ಯಂತ್ರ ಎರಡೂ ನಿಂತಿರಬಹುದು. ಏಪ್ರಿಲ್ ಅಲ್ಲಿನ ಸೀಸನ್. ಹೂವು, ಕುದುರೆ ರೇಸು ಎಲ್ಲ ಇರುತ್ತದೆ, ಟ್ರಾಫಿಕ್ಕೂ ಅಷ್ಟೇ ಇರುತ್ತದೆ. ಒಂದು ದಿನಕ್ಕೆ ಹೋಗುವವರಿಗೆ ಆ ತಿಂಗಳು ಬೇಡ. ಕೊಲಂಬೊದಿಂದ ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನುವುದೂ ಬೇಡ, ದಾರಿಯಲ್ಲೇ ದಿನ ಮುಗಿದುಹೋಗುತ್ತದೆ. ಮಳೆ ಜೋರಾದರೆ ಈ ಬೆಟ್ಟಗಳಲ್ಲಿ ಗುಡ್ಡ ಕುಸಿಯುತ್ತದೆ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಈ ಸೀಮೆಗೆ ಬಹಳ ದೊಡ್ಡ ಹೊಡೆತ ಬಿತ್ತು. ಹಿಂದಿನ ರಾತ್ರಿ ಗೈಡ್‌ಗೆ ಫೋನ್ ಮಾಡಿ ರಸ್ತೆ ಹೇಗಿದೆ ಅಂತ ಕೇಳಿ. ಬೇಡ ಅಂದರೆ ಇನ್ನೊಂದು ದಿನಕ್ಕೆ ಹಾಕಿಕೊಳ್ಳಿ, ದುಡ್ಡು ವಾಪಸ್ ಕೇಳುತ್ತಾ ಕೂರಬೇಡಿ.