ಮದ್ದು ಜಡಿಯುವ ಕೋವಿಗೆ ಹೆಗಲಪಟ್ಟಿ: ಗಜವನ್ನು ಹೊರತೆಗೆದೇ ಕಟ್ಟಿ
ನಳಿಗೆಯ ಬಾಯಿಯಿಂದ ಮದ್ದು ತುಂಬುವ ಸಾಂಪ್ರದಾಯಿಕ ಕೋವಿಗೆ ಹೆಗಲಪಟ್ಟಿ ಬೇಕೆಂದು ಮರವನ್ನು ಕೊರೆದು ಕೊಂಡಿ ಕೂರಿಸುವ ಅಗತ್ಯವಿಲ್ಲ. ಮೊದಲು ಗಜವನ್ನು, ಅಂದರೆ ಮದ್ದು-ಗುಂಡನ್ನು ನಳಿಗೆಯೊಳಗೆ ಜಡಿಯುವ ಕೋಲನ್ನು, ಹೊರತೆಗೆದು, ಅದು ತೂರುವ ಲೋಹದ ಬಳೆಯ ಹಿಂಬದಿಗೆ ತಾಗುವಂತೆ ನಳಿಗೆ ಮತ್ತು ಮರ ಎರಡನ್ನೂ ಸುತ್ತಿ ತೆಳುವಾದ ಚರ್ಮದ ದಾರವನ್ನು ಬಿಗಿದು, ಆಮೇಲೆ ಗಜವನ್ನು ಆ ದಾರದ ಹೊರಗಿನಿಂದ ಹಾಯಿಸಿ, ಪಟ್ಟಿಯ ಒಂದು ತುದಿಯನ್ನು ಆ ದಾರಕ್ಕೂ ಇನ್ನೊಂದು ತುದಿಯನ್ನು ಹಿಡಿಗೆ ಬಿಗಿದ ಚರ್ಮದ ಕವಚಕ್ಕೆ ಕಟ್ಟಿರಿ. ಬಳೆಯೇ ತಡೆಯಾಗುವುದರಿಂದ ದಾರ ಬಾಯಿಯತ್ತ ಜಾರುವುದಿಲ್ಲ, ಗಜವೂ ಸಿಕ್ಕಿಕೊಳ್ಳದೆ ಒಂದೇ ಎಳೆತಕ್ಕೆ ಹೊರಬರುತ್ತದೆ. ಗಜ ಮರದ ತೋಡಿನಲ್ಲಿ ಸಂದಿಲ್ಲದಂತೆ ಕೂತಿರುವ ಕೋವಿಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಮಳೆಯಲ್ಲಿ ನೆನೆದ ಚರ್ಮ ಹಿಗ್ಗಿ ಗಂಟು ಸಡಿಲವಾಗುತ್ತದೆ, ಆದ್ದರಿಂದ ಅಂಥ ದಿನಗಳಲ್ಲಿ ಹತ್ತಿಯ ನೇಯ್ದ ಪಟ್ಟಿಯೇ ವಾಸಿ. ಮಳೆನೀರು ಒಳಗಿಳಿಯದಿರಲೆಂದು ಬಾಯಿ ಕೆಳಗಾಗಿ ತೂಗಿಸಿಕೊಂಡು ಬಹಳ ದೂರ ನಡೆದಾಗ, ಸಡಿಲವಾಗಿ ಕೂತ ಗುಂಡು ಮದ್ದಿನಿಂದ ಮುಂದಕ್ಕೆ ಸರಿಯಬಹುದು. ಆ ಸಂದಿನೊಡನೆ ಹಾರಿಸಿದರೆ ನಳಿಗೆ ಉಬ್ಬುವ ಅಥವಾ ಸಿಡಿಯುವ ಅಪಾಯವಿರುವುದರಿಂದ, ಸರಿಯಾಗಿ ತುಂಬಿದಾಗ ಬಾಯಿಯ ಅಂಚಿಗೆ ಬರುವ ಗೆರೆಯೊಂದನ್ನು ಗಜದ ಮೇಲೆ ಗೀರಿಟ್ಟುಕೊಳ್ಳಿ; ಗಜ ಇಳಿಸಿದಾಗ ಆ ಗೆರೆ ಬಾಯಿಯಿಂದ ಹೊರಗೆ ನಿಂತರೆ ಗುಂಡು ಸರಿದಿದೆ ಎಂದರ್ಥ. ಆದರೆ ಗಜ ಇಳಿಸಿ ನೋಡುವ ಮುನ್ನ ಕೇಪನ್ನು (ಕುದುರೆ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ತೆಗೆದಿರಬೇಕು, ಕಲ್ಲಿನ ಕಿಡಿಯಿಂದ ಹೊತ್ತುವ ಚಕಮಕಿ ಕೋವಿಯಾದರೆ ಕಿಡಿ ಬೀಳುವ ಬಟ್ಟಲಿನ ಮದ್ದನ್ನು ಚೆಲ್ಲಿರಬೇಕು. ಹೆಗಲಿಗೇರಿಸಿ ನಡೆಯುವಾಗಲೂ ಇದೇ ಕ್ರಮ. ಬಟ್ಟಲಿನ ಮದ್ದು ಹೇಗಿದ್ದರೂ ಆ ಓಲಾಟಕ್ಕೆ ಚೆಲ್ಲಿಹೋಗಬಹುದು.