ನನ್ನ ಕಾರಿನ ವಾಟರ್ ಪಂಪ್ ನಾನೇ ಬದಲಿಸಿದ್ದು

ಟ್ಯಾಂಕಿನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ಮಟ್ಟ ಆಗಾಗ ಇಳಿಯುತ್ತಿತ್ತು. ಕಾರಿನ ಕೆಳಗೆ ನೋಡಿದರೆ ಒಂದು ಹನಿಯೂ ಇಲ್ಲ. ಹೋಸ್, ರೇಡಿಯೇಟರ್ ಎಲ್ಲಾ ಸರಿ ಇತ್ತು. ಟಾರ್ಚ್ ಹಿಡಿದು, ಆ ದ್ರವವನ್ನು ಎಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪಿನ ತಳ ನೋಡಿದಾಗ ವಿಷಯ ತಿಳಿಯಿತು. ಅಲ್ಲಿರುವ ಸಣ್ಣ ತೂತಿನ ಸುತ್ತ ಒಣಗಿದ ಕೂಲೆಂಟಿನ ಕಲೆ ಕಟ್ಟಿತ್ತು. ಸೋರಿದ ಹನಿ ಎಂಜಿನ್ ಬಿಸಿಗೆ ಅಲ್ಲೇ ಆರಿಹೋಗುತ್ತಿತ್ತು.

ಆ ತೂತು ಬೇಕೆಂದೇ ಇಟ್ಟಿರುವುದು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಆಚೆ ಹೋಗಲಿ ಅಂತ. ಕೆಲವರು ಅದಕ್ಕೆ ಅಂಟು ಮೆತ್ತಿ ಮುಚ್ಚುತ್ತಾರೆ. ಹಾಗೆ ಮಾಡಿದರೆ ಬೇರಿಂಗ್ ಹೋಗುವುದು ಗ್ಯಾರಂಟಿ. ನಾನು ಬೆಲ್ಟ್ ಬಿಚ್ಚಿ, ಅದು ತಿರುಗಿಸುವ ಪಂಪಿನ ಚಕ್ರವನ್ನು (ಪುಲ್ಲಿ) ಕೈಯಲ್ಲಿ ಅಲ್ಲಾಡಿಸಿ ನೋಡಿದೆ. ಸಡಿಲವಾಗಿ ಅಲ್ಲಾಡುತ್ತಿತ್ತು, ಅಂದರೆ ಬೇರಿಂಗೂ ಸವೆದಿತ್ತು. ಇನ್ನು ಹೊಸ ಪಂಪೇ ಸರಿ ಅನ್ನಿಸಿತು. ಟೈಮಿಂಗ್ ಬೆಲ್ಟಿನಿಂದ (ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಬೆಲ್ಟ್) ತಿರುಗುವ ಪಂಪ್ ಆದರೆ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿಬಿಡಿ. ಇಲ್ಲದಿದ್ದರೆ ಅದೇ ಬಿಚ್ಚುವ ಕೆಲಸ ಎರಡು ಸಲ, ಅಲ್ವಾ?

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕ್ಯಾಪ್ ತೆಗೆದು ಕೂಲೆಂಟ್ ಇಳಿಸಿದೆ. ಬೋಲ್ಟ್‌ಗಳ ಉದ್ದ ಬೇರೆ ಬೇರೆ. ಹಾಗಾಗಿ ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಆಯಾ ಜಾಗದಲ್ಲೇ ಚುಚ್ಚಿಟ್ಟೆ. ಹಳೆ ಪಂಪ್ ಕೈಗೆ ಬಂದಾಗ ಇಂಪೆಲ್ಲರ್, ಅಂದರೆ ಕೂಲೆಂಟನ್ನು ತಳ್ಳುವ ರೆಕ್ಕೆಚಕ್ರ ನೋಡಬೇಕಿತ್ತು! ರೆಕ್ಕೆಗಳ ಅಂಚನ್ನೆಲ್ಲ ತುಕ್ಕು ತಿಂದಿತ್ತು. ಹಿಂದಿನ ಮಾಲೀಕರು ಸಾದಾ ನೀರು ಹಾಕಿ ಓಡಿಸಿದ್ದರು. ಪುಲ್ಲಿ ಎಷ್ಟೇ ತಿರುಗಿದರೂ ರೆಕ್ಕೆ ಸವೆದರೆ ನೀರು ಸರಿಯಾಗಿ ಸುತ್ತುವುದಿಲ್ಲ. ಈಗ ಕಂಪನಿ ಹೇಳಿದ ಕೂಲೆಂಟನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕುತ್ತೇನೆ. ಅದರಲ್ಲಿ ತುಕ್ಕು ತಡೆಯುವ ಮದ್ದಿರುತ್ತದೆ, ಕುದಿಯುವ ಬಿಂದುವೂ ನೀರಿಗಿಂತ ಜಾಸ್ತಿ.

ಹೆಚ್ಚು ಹೊತ್ತು ಹಿಡಿದದ್ದು ಹಳೆ ಗ್ಯಾಸ್ಕೆಟ್ (ಪಂಪ್ ಕೂರುವಲ್ಲಿ ಸೋರದಂತೆ ನಡುವೆ ಇಡುವ ಪದರ) ಕೆರೆಯುವುದಕ್ಕೆ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಮತ್ತೆ ಸೋರುತ್ತದೆ. ಅದಕ್ಕೇ ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಬೆಲ್ಟನ್ನೂ ಸುಮ್ನೆ ಬಲ ಹಾಕಿ ಎಳೆಯಬಾರದು. ತೀರಾ ಬಿಗಿಯಾದರೆ ಹೊಸ ಬೇರಿಂಗ್ ಕೂಡ ಬೇಗ ಸವೆಯುತ್ತದೆ.

ಕೊನೆಗೆ ಕೂಲೆಂಟ್ ಹರಿಯುವ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ನಿಧಾನವಾಗಿ ಕೂಲೆಂಟ್ ತುಂಬಿಸಿ, ಹೀಟರ್ ಹಾಕಿ ಎಂಜಿನ್ ಓಡಲು ಬಿಟ್ಟೆ. ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್ ತೆರೆದುಕೊಂಡಾಗ ಮೇಲಿನ ಹೋಸ್ ಬಿಸಿಯಾಯಿತು, ಗುಳ್ಳೆಗಳು ಹೊರಟವು. ಎಂಜಿನ್ ತಣ್ಣಗಾದ ಮೇಲೆ ಮಟ್ಟ ನೋಡಿದರೆ ಇಳಿದಿತ್ತು. ಮತ್ತಷ್ಟು ಹಾಕಿದೆ. ಹಳೆ ಕೂಲೆಂಟನ್ನು ಮುಚ್ಚಳವಿರುವ ಕ್ಯಾನಿಗೆ ಸುರಿದು ಎತ್ತಿಟ್ಟೆ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ.