ಒಡವೆಯ ಬೆನ್ನು ನೋಡಿ ಕೊಳ್ಳಿ

ಒಡವೆ ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ. ಮುಂಭಾಗಕ್ಕೆ ಹೊಳಪು ಕೊಡುವುದು ದೊಡ್ಡ ವಿದ್ಯೆಯೇನಲ್ಲ. ಹಿಂಬದಿಯ ಬೆಸುಗೆ ಗಂಟುಗಂಟಾಗಿದೆಯೇ, ಹರಳು ಕಚ್ಚಿ ಹಿಡಿದ ಕಾಲುಗಳು ಒಂದೇ ಸಮ ಇವೆಯೇ, ಕೊಂಡಿ ಅಲ್ಲಾಡುತ್ತದೆಯೇ ಎಂಬುದರಲ್ಲಿ ಕೆಲಸಗಾರನ ಕೈ ಗೊತ್ತಾಗುತ್ತದೆ. ತೆಳು ಬಟ್ಟೆಯ ಮೇಲೆ ಮೆಲ್ಲಗೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಅದು ದಿನಬಳಕೆಗೆ ಆಗುವ ಒಡವೆಯಲ್ಲ.

ಪುಟ್ಟ ಅಂಕಿ ಒತ್ತಿರುವುದೂ ಅಲ್ಲೇ. 916 ಎಂದಿದ್ದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಅಂದರೆ 22 ಕ್ಯಾರೆಟ್. 750 ಇದ್ದರೆ 18, 585 ಇದ್ದರೆ 14. ಬೆಳ್ಳಿಗೆ ಸಾಮಾನ್ಯವಾಗಿ 925. ಕ್ಯಾರೆಟ್ ಕಡಿಮೆ ಎಂದಾಕ್ಷಣ ಮೂಗು ಮುರಿಯಬೇಡಿ. ಅಪರಂಜಿ ಬಲು ಮೆತ್ತಗೆ, ಹರಳನ್ನು ಬಿಗಿಯಾಗಿ ಹಿಡಿಯಲಾರದು. ವಜ್ರದ ಉಂಗುರಕ್ಕೆ 18 ಕ್ಯಾರೆಟ್ಟೇ ವಾಸಿ. ಅಂದಹಾಗೆ, ಹರಳಿಗೆ ಹೇಳುವ ಕ್ಯಾರೆಟ್ ಶುದ್ಧತೆಯಲ್ಲ, ತೂಕ: ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ.

ತೂಕದ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಒಂದು ಹರಳಿನ ಹಾರದಿಂದ. ಕೈಗೆ ಭಾರವಾಗಿದೆ ಎಂದು ಹಿಗ್ಗಿ ಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಬದಲಾಯಿಸಲು ಹೋದರೆ, ಹರಳು ಬಿಚ್ಚಿ, ಒಳಗಿನ ಅರಗು ತೆಗೆದು ತೂಗಿದರು. ಉಳಿದ ಚಿನ್ನ ನೋಡಿ ನನಗೆ ಮಾತೇ ಹೊರಡಲಿಲ್ಲ. ಗಾಜಿಗೂ ಅರಗಿಗೂ ಚಿನ್ನದ ರೇಟು ತೆತ್ತು ಬಂದಿದ್ದೆ! ಅಂದಿನಿಂದ ಒಟ್ಟು ತೂಕ, ಹರಳಿನ ತೂಕ, ನಿವ್ವಳ ಚಿನ್ನ, ಮಜೂರಿ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸದೆ ದುಡ್ಡು ಎಣಿಸುವುದಿಲ್ಲ. ಮಾರುವಾಗ ಮಜೂರಿ ವಾಪಸು ಬರುವುದಿಲ್ಲ ಎಂಬುದೂ ನೆನಪಿರಲಿ. ತೊಡುವ ಆಸೆಯಿದ್ದರೆ ಕುಸುರಿ ಕೆಲಸಕ್ಕೆ ಧಾರಾಳವಾಗಿ ಕೊಡಿ. ಕಷ್ಟಕಾಲಕ್ಕೆಂದು ಕೂಡಿಡುವುದಾದರೆ ಸಾದಾ ನಾಣ್ಯವೇ ಸಾಕು.

ಕೆಂಪು, ನೀಲದ ಮಾತು ಬಂದರೆ ಬರೀ ಕಣ್ಣನ್ನು ನಂಬಬೇಡಿ. ಭೂತಗನ್ನಡಿಯಲ್ಲಿ ಹರಳಿನೊಳಗೆ ದುಂಡನೆಯ ಗುಳ್ಳೆ ಕಂಡರೆ ಗಾಜು ಎಂದು ಅನುಮಾನಿಸಬಹುದು, ಅಷ್ಟೇ. ಕೃತಕವಾಗಿ ಬೆಳೆಸಿದ ಕೆಂಪು ಮಾರುಕಟ್ಟೆಗೆ ಬಂದು ನೂರು ವರ್ಷ ದಾಟಿದೆ. ಹಾಗಾಗಿ ‘ಅಜ್ಜಿಯ ಕಾಲದ್ದು, ಅಸಲಿಯೇ ಇರಬೇಕು’ ಎಂಬ ವಾದ ನಿಲ್ಲುವುದಿಲ್ಲ. ದೊಡ್ಡ ಹರಳಾದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಪಚ್ಚೆಯ ಸೀಳುಗಳಿಗೆ ಎಣ್ಣೆ ತುಂಬುವುದು ಹಳೆಯ ಪದ್ಧತಿ. ಅದನ್ನು ಬಿಸಿನೀರಿನಲ್ಲಿ ತೊಳೆದರೆ ಎಣ್ಣೆ ಇಳಿದು ಸೀಳು ಎದ್ದು ಕಾಣುತ್ತದೆ. ಮುತ್ತು ಇನ್ನೂ ನಾಜೂಕು, ಸೆಂಟು ಹೊಡೆದುಕೊಂಡ ಮೇಲೆಯೇ ತೊಡಿ.

ಮನೆಯಲ್ಲಿರುವ ಹಳೆಯ ಸರವನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಳಸಿ ಬಳಸಿ ಕೊಂಡಿಗಳು ಒಂದಕ್ಕೊಂದು ಉಜ್ಜುವ ಕಡೆ ನೂಲಿನಷ್ಟು ಸವೆದಿರುತ್ತವೆ. ಕಳೆದುಹೋಗುವ ಮುಂಚೆ ಬೆಸುಗೆ ಹಾಕಿಸಿ. ವಜ್ರದ್ದನ್ನು ಬೇರೆ ಬಟ್ಟೆಯಲ್ಲಿ ಸುತ್ತಿಡಿ, ಪಕ್ಕದ ಚಿನ್ನವನ್ನೆಲ್ಲ ಗೀರಿ ಹಾಕುತ್ತದೆ. ಆಮೇಲೆ, ಆ ಬಿಲ್ಲು. ಈಗಿನ ಬಿಲ್ಲಿನ ಅಕ್ಷರ ಎಷ್ಟೋ ಸಲ ವರ್ಷ ಕಳೆಯುವುದರೊಳಗೆ ಮಾಸಿಹೋಗುತ್ತದೆ. ಮನೆಗೆ ಬಂದ ದಿನವೇ ಒಡವೆಯ ಎರಡೂ ಬದಿ ಕಾಣುವಂತೆ, ಬಿಲ್ಲಿನ ಜೊತೆಗಿಟ್ಟು ಫೋಟೊ ತೆಗೆದಿಡಿ.